ಹರಿಹರದ ಏರಿಗೆ ಬೊಂಬಾಯಿಯ ಗಾಳಿಯಂತ್ರ

ನಮ್ಮ ಮನೆಯಲ್ಲಿ ಕಾರಿತ್ತು. ಆದರೂ ಮದುವೆಯಾದ ಮೇಲೆ ನಾನು ಒಮ್ಮೆಯೂ ತವರುಮನೆಯ ಬಾಗಿಲಲ್ಲಿ ಕಾರಿನಿಂದ ಇಳಿದಿರಲಿಲ್ಲ.

ದಾವಣಗೆರೆಯಿಂದ ಹರಿಹರಕ್ಕೆ ರಸ್ತೆ ಬಹುಮಟ್ಟಿಗೆ ಸಪಾಟು. ನನ್ನ ತವರಿನ ಬೀದಿ ಮುಟ್ಟುವ ಮೊದಲು ಮಾತ್ರ ಒಂದು ಏರು. ಘಟ್ಟ ಕಂಡವರು ಅದನ್ನು ಏರು ಎನ್ನಲು ನಾಚಿಯಾರು. ನಮ್ಮ ಕಾರಿಗೆ ಅಂಥ ನಾಚಿಕೆ ಇರಲಿಲ್ಲ. ಬ್ರಿಟಿಷರ ಕಾಲದ, ಹಲವು ಕೈ ದಾಟಿ ಬಂದ ಮುದಿ ಗಾಡಿ ಅದು. ಅರ್ಧ ಏರಿಗೆ ಕೆಮ್ಮಿ ನಿಲ್ಲುತ್ತಿತ್ತು. ಆಗ ಭಾರ ಇಳಿಸಬೇಕು. ಓಡಿಸುವ ಯಜಮಾನರು ಇಳಿಯುವಂತಿಲ್ಲ. ಮುಂದಿನ ಸೀಟಿನಲ್ಲಿ ಕೂತ ಅತ್ತೆ ಇಳಿಯುವ ಮಾತೇ ಇಲ್ಲ. ಬೀಗರ ಮನೆಗೆ ಬರಿಗೈಲಿ ಹೋಗಬಾರದೆಂದು ಅತ್ತೆ ಹೇರಿಸಿದ ಜೋಳದ ಚೀಲಕ್ಕೆ ಕಾಲಿಲ್ಲ. ನನಗಿದ್ದವು. ನೆರಿಗೆ ಎತ್ತಿ ಹಿಡಿದು, ಧೂಳು ತಿನ್ನುತ್ತ ನಾನು ನಡೆದು ಬರುವಷ್ಟರಲ್ಲಿ ಅತ್ತೆ ನಮ್ಮವ್ವನ ಜಗಲಿಯ ಮೇಲೆ ಕೂತು ಪಾನಕ ಕುಡಿದು ಮುಗಿಸಿರುತ್ತಿದ್ದರು.

"ನಿಮ್ಮ ಅಳಿಯಾರ ಕಾರಾಗ ಮಗಳಿಗೆ ಜಾಗ ಇಲ್ಲೇನ್ರಿ?" ಎಂದು ಪಕ್ಕದ ಮನೆಯಾಕೆ ಅವ್ವನನ್ನು ಕೇಳಿದ್ದಳು. ಅವ್ವ ತಲೆ ತಗ್ಗಿಸಿ ಒಳಗೆ ಹೋದದ್ದನ್ನು ನಾನೇ ಕಂಡೆ. ಒಂದು ಸಲವಾದರೂ ಅವ್ವನ ಬಾಗಿಲಲ್ಲಿ ಕಾರಿನಿಂದ ಇಳಿಯಬೇಕು ಎಂಬ ಆಸೆ ಅಂದಿನಿಂದ ನನ್ನನ್ನು ಬಿಡಲಿಲ್ಲ.

ಹಾಗಾಗಿ, ಹತ್ತಿ ವ್ಯಾಪಾರಕ್ಕೆಂದು ಬೊಂಬಾಯಿಗೆ ಹೋದ ಯಜಮಾನರು ಗೋಣಿಚೀಲದಲ್ಲಿ ಒಂದು ಗಾಳಿಯಂತ್ರ ಹೊತ್ತು ತಂದಾಗ ಅವರಿಗಿಂತ ಹೆಚ್ಚು ಹಿಗ್ಗಿದವಳು ನಾನು. ಯಾವುದೋ ವಿಲಾಯತಿ ಕಾರಿನಿಂದ ಬಿಚ್ಚಿದ್ದಂತೆ. ಬೆಲ್ಟು, ಪೈಪು, ಬ್ರಾಕೆಟ್ಟು ಎಲ್ಲ ಜೊತೆಗಿದ್ದವು. ಎಂಜಿನ್ ತಿರುಗಿದರೆ ಬೆಲ್ಟಿನಿಂದ ಇದೂ ತಿರುಗಿ, ಹೊರಗಿನ ಗಾಳಿ ಎಳೆದು ಎಂಜಿನ್ನಿನೊಳಗೆ ಒತ್ತಿ ತುಂಬುತ್ತದೆ. ಗಾಳಿ ಹೆಚ್ಚಿದಷ್ಟೂ ಬೆಂಕಿ, ಬೆಂಕಿ ಹೆಚ್ಚಿದಷ್ಟೂ ಬಲ. ದಿನಾ ಊದುಗೊಳವೆ ಹಿಡಿದು ಒಲೆ ಊದುವವಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಅತ್ತೆ ಮಾತ್ರ ಮೂಗು ಮುರಿದರು. "ಅದಕ್ ವಯಸ್ಸಾಗೈತೆ. ಮುದುಕಿ ಬಾಯಾಗ ಗಾಳಿ ಊದಿದ್ರ ಓಡ್ತಾಳೇನೋ?"

ಯಜಮಾನರ ಗೆಳೆಯ, ಗ್ಯಾರೇಜು ಇಟ್ಟಿದ್ದ ಒಬ್ಬ ಸಾಹೇಬರು, ಭಾನುವಾರ ಸ್ಪ್ಯಾನರುಗಳ ಸಮೇತ ಕೆ.ಬಿ. ಬಡಾವಣೆಯ ನಮ್ಮ ಅಂಗಳಕ್ಕೆ ಬಂದರು. ಬ್ರಾಕೆಟ್ಟಿನ ತೂತಿಗೂ ಎಂಜಿನ್ನಿನ ತೂತಿಗೂ ಯಾವ ಸಂಬಂಧವೂ ಇರಲಿಲ್ಲ. ಹೊಸ ತೂತು ಕೊರೆಸಿ ತಂದರು. ಗಾಳಿ ಸೋರದಂತೆ ಪೈಪಿನ ಸಂದಿಗೆ ದಪ್ಪ ರಟ್ಟನ್ನು ಕತ್ತರಿಸಿ, ಎಣ್ಣೆಯಲ್ಲಿ ನೆನೆಸಿ ಕೊಟ್ಟವಳು ನಾನು. ಬೆಲ್ಟು ಓಡುವ ಎರಡು ಪುಲ್ಲಿಗಳು ಒಂದೇ ಗೆರೆಯಲ್ಲಿವೆಯೇ ಎಂದು ಹೂ ಕಟ್ಟುವ ದಾರ ಎಳೆದು ಹಿಡಿದವಳೂ ನಾನೇ. "ಇನ್ನೊಂಚೂರು ಒಳಗ!" ಎಂದು ಅವರಿಬ್ಬರನ್ನೂ ಗದರಿಸುವಷ್ಟು ಬೆಳೆದುಬಿಟ್ಟಿದ್ದೆ. ಯಂತ್ರ ಕೂತ ಮೇಲೆ ಬಾನೆಟ್ಟು ಮುಚ್ಚಲಾಗಲಿಲ್ಲ. ಅದರ ಒಂದು ಪಕ್ಕವನ್ನು ಬಿಚ್ಚಿ ಕೊಟ್ಟಿಗೆಯಲ್ಲಿಟ್ಟೆವು.

ಎಲ್ಲ ಮುಗಿದಾಗ ಅತ್ತೆಗೆ ಮನಸ್ಸು ತಡೆಯಲಿಲ್ಲ. ಹೊಸ ವಸ್ತು ಮನೆಗೆ ಬಂದಿದೆ, ಪೂಜೆಯಿಲ್ಲದೆ ಹೇಗೆ? ಗಾಳಿಯಂತ್ರಕ್ಕೆ ವಿಭೂತಿ ಬಳಿದು, ಅದರ ಬಾಯಿಗೆ ಒಪ್ಪವಾಗಿ ಸೇವಂತಿಗೆ ಹಾರ ಇಳಿಬಿಟ್ಟು, ಕಾಯಿ ಒಡೆದರು. ಯಜಮಾನರು ಭಕ್ತಿಯಿಂದ ಕಾರು ಚಾಲೂ ಮಾಡಿದರು. ಯಂತ್ರ ಅಷ್ಟೇ ಭಕ್ತಿಯಿಂದ ಹಾರವನ್ನು ಸರಕ್ಕನೆ ನುಂಗಿತು. ಕಾರು ಸೀನಿ ಸುಮ್ಮನಾಯಿತು.

"ಅದು ಗಾಡಿ ಮೂಗು ಐತ್ರಿ ಅಮ್ಮಾ! ಮೂಗಿಗೆ ಹೂ ತುರುಕಿದ್ರೆ ಹೆಂಗ್ರಿ?" ಎಂದು ಸಾಹೇಬರು ತಲೆ ಮೇಲೆ ಕೈ ಹೊತ್ತರು.

"ಪ್ರಸಾದ ಅಂತ ತಗಂಡೈತೆ ಬಿಡಪ್ಪ," ಎಂದರು ಅತ್ತೆ, ಒಂಚೂರೂ ಅಳುಕದೆ. ಯಂತ್ರವನ್ನು ಮತ್ತೆ ಬಿಚ್ಚಿ ಎಸಳು ಎಸಳು ಹೆಕ್ಕುವಷ್ಟರಲ್ಲಿ ಸಂಜೆಯಾಯಿತು. ಇನ್ನೊಂದು ಸಲ ಹೀಗಾಗದಿರಲೆಂದು ನನ್ನ ಹಿಟ್ಟಿನ ಜರಡಿಯ ಬಲೆ ಬಿಚ್ಚಿ ಆ ಮೂಗಿಗೆ ಕಟ್ಟಿದೆವು.

ಮುಂದಿನ ವಾರವೇ ಹರಿಹರಕ್ಕೆ ಹೊರಟೆವು. ಏರು ಬಂದಾಗ ಅಭ್ಯಾಸಬಲದಿಂದ ನೆರಿಗೆ ಎತ್ತಿಕೊಂಡೆ. ಕಾರು ಕೆಮ್ಮಲಿಲ್ಲ. ಕುಂಯ್ ಎಂಬ ಸದ್ದೆದ್ದಿತು, ಬೆನ್ನು ಸೀಟಿಗೆ ಒತ್ತಿಕೊಂಡಿತು, ಮರಗಳು ಹಿಂದಕ್ಕೆ ಓಡಿದವು. ನಾನು ನಗುತ್ತಿದ್ದೆ. ಅತ್ತೆ ಚೀರುತ್ತಿದ್ದರು.

"ನಿಲ್ಸೋ! ನಿಲ್ಸ್ತೀಯೋ, ಜಿಗೀಲೋ?"

ಯಜಮಾನರು ನಿಲ್ಲಿಸಿದರು. "ಈ ದೆವ್ವದ ಗಾಡ್ಯಾಗ ನಾ ಕೂಡಂಗಿಲ್ಲ. ನಡಕಂಡೇ ಬರ್ತೀನಿ," ಎಂದು ಅತ್ತೆ ಇಳಿದೇಬಿಟ್ಟರು.

ಅತ್ತೆ ನಡೆಯುವಾಗ ಸೊಸೆ ಕಾರಿನಲ್ಲಿ ಹೋಗುವುದುಂಟೇ? ನಾನೂ ಇಳಿದೆ. ಮೈಯೆಲ್ಲ ಉರಿದುಹೋಯಿತು. ಕಾರಿಗೆ ಬಲ ಬಂದ ದಿನವೂ ನನಗೆ ನಡಿಗೆಯೇ! ಯಜಮಾನರು ಜೋಳದ ಚೀಲದೊಂದಿಗೆ ಮುಂದೆ ಹೋಗಿ ಏರಿನ ತುದಿಯಲ್ಲಿ ಕಾದು ನಿಂತರು.

ಸ್ವಲ್ಪ ದೂರಕ್ಕೇ ಅತ್ತೆಗೆ ಏದುಸಿರು. ಎದುರಿನಿಂದ ಬಂದ ಲಾರಿಯೊಂದು ನಮ್ಮಿಬ್ಬರ ಮೇಲೂ ಧೂಳು ಸುರಿದು ಹೋಯಿತು. ಅವರು ನನ್ನ ಹೆಗಲು ಹಿಡಿದು ನಿಂತರು. "ಪ್ರತಿ ಸಲ ಇಷ್ಟ್ ನಡೀತಿದ್ದೇನವ್ವ ನೀನು?"

"ಹೂಂನ್ರಿ ಅತ್ತೆ."

"ಒಂದಿನಾನೂ ಅನ್ಲಿಲ್ಲ."

ಸಿಟ್ಟು ಬಾಯಿ ಬಿಡಿಸಿತು. "ಅವ್ವನ ಬಾಗ್ಲಾಗ ಕಾರಿಂದ ಇಳೀಬೇಕಂತ ಭಾಳ ಆಸೆ ಐತ್ರಿ," ಎಂದವಳೇ ಅತ್ತುಬಿಟ್ಟೆ.

ಅತ್ತೆ ಮುಖದ ಧೂಳು ಒರೆಸಿಕೊಂಡು, ಏರಿನ ತುದಿಗೆ ಕೇಳುವಂತೆ ಕೂಗಿದರು: "ಏ, ಗಾಡಿ ಹಿಂದಕ್ ತಗಂಬಾರೋ!" ಕಾರು ಬಂದಾಗ ನನ್ನನ್ನು ತಮ್ಮ ಮುಂದಿನ ಸೀಟಿಗೆ ನೂಕಿ, ತಾವು ಹಿಂದೆ ಜೋಳದ ಚೀಲ ತಬ್ಬಿಕೊಂಡು ಕಣ್ಣು ಮುಚ್ಚಿದರು. "ಮನಿ ಬರಾತನಕ ನನ್ನ ಮಾತಾಡಿಸಬ್ಯಾಡ್ರಿ," ಎಂದರು. ಅವರನ್ನು ನಾನು ಪ್ರೀತಿಸತೊಡಗಿದ್ದು ಆ ಕ್ಷಣದಿಂದ.

ಕಾರಿನ ಸದ್ದಿಗೆ ಅವ್ವ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ಕಾರಿನತ್ತ ಸರಿಯಾಗಿ ನೋಡಲೂ ಇಲ್ಲ. ಹಣೆಗೆ ಕೈ ಅಡ್ಡ ಹಿಡಿದು, ಪ್ರತಿ ಸಲ ನಾನು ನಡೆದು ಬರುತ್ತಿದ್ದ ರಸ್ತೆಯನ್ನೇ ನೋಡುತ್ತ ನಿಂತಳು. ನಾನು ಕಾರಿನಿಂದ ಇಳಿದು ಅವಳ ಪಕ್ಕ ಹೋಗಿ ನಿಂತೆ. ಅವಳಿನ್ನೂ ಆ ಏರಿನ ಕಡೆಗೇ ನೋಡುತ್ತಿದ್ದಳು.