ಅಣಬೆಯ ಕಾಲು ನೋಡುತ್ತಿದ್ದವರು

ಅವರ ಬಲಗೈ ಹೆಬ್ಬೆರಳಿಗೆ ಮಾತ್ರ ಉದ್ದ ಉಗುರು ಇತ್ತು. ಉಳಿದ ಒಂಬತ್ತನ್ನೂ ಬುಡಕ್ಕೆ ಕತ್ತರಿಸಿ, ಇದೊಂದನ್ನು ಚಮಚದ ತುದಿಯಷ್ಟು ಬೆಳೆಸಿಕೊಂಡಿದ್ದರು. ರಬ್ಬರ್ ಹಾಲಿನ ಕಲೆ ಹಿಡಿದು ಕಪ್ಪಾಗಿದ್ದ ಆ ಕೈಯಲ್ಲಿ ಬಿಳಿ ಎಂಬುದು ಅದೊಂದೇ. ನಾನು ಮೊದಲು ಕಂಡದ್ದು ಅವರ ಮುಖವನ್ನಲ್ಲ, ಆ ಉಗುರನ್ನು. ಆರೋಗ್ಯ ಉಪಕೇಂದ್ರದ ಹಿಂದಿನ ನನ್ನ ಕ್ವಾರ್ಟರ್ಸಿನಲ್ಲಿ ಅನ್ನಕ್ಕಿಡುತ್ತಿದ್ದೆ. ಕಿಟಕಿಯ ಸರಳುಗಳ ನಡುವಿನಿಂದ ಕೈಯೊಂದು ಒಳಗೆ ಬಂದು, ಕಟ್ಟೆಯ ಮೇಲಿದ್ದ ಅಣಬೆಯೊಂದನ್ನು ಎತ್ತಿ, ಮೆಲ್ಲಗೆ ತಲೆಕೆಳಗು ಮಾಡಿತು.

ನಾನು ಕಿರುಚಿಕೊಂಡೆ.

"ಹೆದರ್ಬೇಡಿ ಸಿಸ್ಟರ್," ಹೊರಗಿನಿಂದ ದನಿ ಬಂತು. "ಕಾಲು ನೋಡುದು ಅಷ್ಟೆ."

ನಾನು ಗದಗಿನ ಕಡೆಯವಳು. ನರ್ಸ್ ಕೆಲಸ ಸಿಕ್ಕಿ ಪುತ್ತೂರು ಕಡೆಯ ಆಲಂಕಾರಿನ ಹತ್ತಿರದ ಈ ಉಪಕೇಂದ್ರಕ್ಕೆ ಬಂದು ಆಗ ಒಂದು ತಿಂಗಳೂ ಆಗಿರಲಿಲ್ಲ. ಚುಚ್ಚುಮದ್ದಿಗೆ ಮಗುವನ್ನು ಕರೆತಂದ ತಾಯಿಯೊಬ್ಬಳು ಪ್ರೀತಿಯಿಂದ ಕೊಟ್ಟು ಹೋಗಿದ್ದ ಅಣಬೆ ಅದು. ಕಿಟಕಿಯಾಚೆ ಅರವತ್ತರ ಆಸುಪಾಸಿನ ಒಬ್ಬ ತೆಳ್ಳನೆಯ ಮನುಷ್ಯ, ಮಳೆಗೆಂದು ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ನಿಂತಿದ್ದರು.

"ಇದರ ಕಾಲು ಕತ್ತರಿಸಿ ಕೊಟ್ಟಿದ್ದಾರೆ. ಕಾಲಿಲ್ಲದಿದ್ರೆ ಇದು ಯಾರು ಅಂತ ಹೇಳ್ಲಿಕ್ಕೆ ಆಗುದಿಲ್ಲ."

'ಯಾವುದು' ಎನ್ನಲಿಲ್ಲ, 'ಯಾರು' ಎಂದರು. ಆ ಒಂದು ಮಾತಿಗೇ ನನ್ನ ಹಸಿವು ಸತ್ತುಹೋಯಿತು. ಅಣಬೆಯನ್ನೆಲ್ಲ ಗುಂಡಿ ತೋಡಿ ಹೂತೆ. ಮುಚ್ಚಿ ಮುಗಿಯುವವರೆಗೂ ಅವರು ಅಲ್ಲೇ ನಿಂತು ನೋಡಿ ಹೋದರು.

ಅವರನ್ನು ಊರಿನಲ್ಲಿ ಎಲ್ಲರೂ ಟ್ಯಾಪಿಂಗ್ ಅಣ್ಣ ಎನ್ನುತ್ತಿದ್ದರು. ರಬ್ಬರ್ ತೋಟದಲ್ಲಿ ಹಾಲು ತೆಗೆಯುವುದು ಅವರ ಕಸುಬು. ಮಳೆಗಾಲ ಶುರುವಾಗಿ ಮೊದಲ ಗುಡುಗುಗಳು ಕೇಳಿದ ಮೇಲೆ ಮಾತ್ರ ಅವರಿಗೆ ಇನ್ನೊಂದು ಕೆಲಸ. ಅಣಬೆ ಏಳುವ ಆ ವಾರಗಳಲ್ಲಿ ಬೆಳಗಿನ ಕೆಲಸ ಮುಗಿಸಿ ಮನೆಮನೆಯ ಹಿಂದೆ ಬಂದು ನಿಲ್ಲುವರು. ಕರೆಯುವುದಿಲ್ಲ, ಕೆಮ್ಮುವುದೂ ಇಲ್ಲ. ಪಾತ್ರೆ ತೊಳೆಯುತ್ತಿದ್ದ ಹೆಂಗಸು ತಲೆ ಎತ್ತಿದರೆ ಎದುರಿಗೆ ಇರುವರು. "ಕಾಲು ತೋರ್ಸಿ," ಎಂದರೆ ಬುಟ್ಟಿ ಹೊರಗೆ ಬರುತ್ತಿತ್ತು. ಒಂದೊಂದನ್ನೇ ಎತ್ತಿ, ಉಗುರಿನಿಂದ ಬುಡ ಸೀಳಿ, ಬೆಳಕಿಗೆ ಹಿಡಿದು ನೋಡಿ ಎರಡು ಪಾಲು ಮಾಡುವರು. ಬೇಡದ ಪಾಲನ್ನು ತಾವೇ ಒಯ್ಯುವರು. ಯಾರಾದರೂ ಊಟಕ್ಕೆ ಕರೆದರೆ ತಲೆಯಲ್ಲಾಡಿಸುವರು. ಅಣಬೆಯ ಅಡುಗೆಯನ್ನು ಅವರು ನಾಲಿಗೆಗೆ ತಾಗಿಸಿದ್ದನ್ನು ಕಂಡವರಿಲ್ಲ.

ಜನರಿಗೆ ಅವರು ಬೇಕಿತ್ತು, ಬಂದರೆ ಭಯವೂ ಆಗುತ್ತಿತ್ತು. ಬೇಡದ ಪಾಲನ್ನು ಅವರು ಏನು ಮಾಡುತ್ತಾರೆ ಎಂಬ ಬಗ್ಗೆ ಗುಸುಗುಸು ಇತ್ತು. ನಾನೇ ಒಮ್ಮೆ ಕೇಳಿದೆ.

"ಹೂಳುದು. ಮತ್ತೆಂತ ಮಾಡುದು ಮಾರಾಯ್ರೆ?" ಎಂದು ನಕ್ಕರು. ಅವರ ನಗುವಿಗೆ ಸದ್ದಿರಲಿಲ್ಲ.

ಎರಡನೆಯ ಮಳೆಗಾಲದಲ್ಲಿ ನನಗೆ ಒಂದು ಪಾಠ ಆಯಿತು. ಲಸಿಕೆ ಕೊಟ್ಟು ಅಕೇಶಿಯಾ ಗುಡ್ಡೆಯ ದಾರಿಯಲ್ಲಿ ವಾಪಸಾಗುತ್ತಿದ್ದೆ. ಮಳೆ ನಿಂತಿತ್ತು, ಮಂಜು ನೆಲದವರೆಗೂ ಇಳಿದಿತ್ತು. ಮಧ್ಯಾಹ್ನ ಮೂರು ಗಂಟೆಗೆ ಹತ್ತು ಹೆಜ್ಜೆ ಆಚೆ ಏನೂ ಕಾಣದು. ಕಪ್ಪು ಎಲೆಗಳ ಮೇಲೆ ಬೆಳ್ಳಗೆ, ಆಗ ತಾನೇ ಯಾರೋ ಇಟ್ಟು ಹೋದ ಹಾಗೆ ಏಳೆಂಟು ಅಣಬೆಗಳು. ಅಷ್ಟು ಚಂದದ್ದನ್ನು ನಾನು ನೋಡಿರಲಿಲ್ಲ. ಬಗ್ಗಿದೆ.

"ಕೀಳ್ಬೇಡಿ. ಕಿತ್ರೆ ಕಾಲು ಮಣ್ಣಲ್ಲೇ ಉಳೀತದೆ."

ಮಂಜಿನೊಳಗಿಂದ ಅವರು ಬಂದು ಕುಕ್ಕರಗಾಲಲ್ಲಿ ಕೂತರು. ಟ್ಯಾಪಿಂಗ್ ಕತ್ತಿಯಿಂದ ಸುತ್ತಲಿನ ಮಣ್ಣು ಬಿಡಿಸಿ ಒಂದನ್ನು ಇಡಿಯಾಗಿ ಎತ್ತಿದರು. ಬುಡದಲ್ಲಿ ಒಡೆದ ಮೊಟ್ಟೆಯ ಸಿಪ್ಪೆಯಂಥ ಬಿಳಿ ಬಟ್ಟಲು, ಅದರೊಳಗೆ ನಿಂತ ದಂಟು, ದಂಟಿನ ಮೇಲೆ ಹರಿದ ಬಟ್ಟೆಯಂಥ ಬಳೆ.

"ನಾವು ತಿನ್ನುವ ಹುತ್ತದ ಅಣಬೆಗೆ ಬಾಲ ಉಂಟು, ಮಣ್ಣೊಳಗೆ ಮೊಳದುದ್ದ ಹೋಗ್ತದೆ. ಇದಕ್ಕೆ ಬಟ್ಟಲು. ಮೇಲಿಂದ ನೋಡಿದ್ರೆ ಎರಡೂ ಬಿಳಿಯೇ."

ಬೆಳ್ಳಿ ಕಾಸು ಹಾಕಿದರೆ ವಿಷದ್ದು ಕಪ್ಪಾಗುತ್ತದಂತಲ್ಲ ಎಂದೆ. ಹುಳ ತಿಂದದ್ದಾದರೆ ನಾವೂ ತಿನ್ನಬಹುದಂತೆ, ಚೆನ್ನಾಗಿ ಬೇಯಿಸಿದರೆ ವಿಷ ಹೋಗುತ್ತದಂತೆ ಎಂದು ಕೇಳಿದ್ದನ್ನೆಲ್ಲ ಹೇಳಿದೆ.

"ಎಲ್ಲ ಸುಳ್ಳು. ಇದು ಬೆಂದ್ರೂ ಇದೇ. ರುಚಿಯೂ ಒಳ್ಳೆದುಂಟಂತೆ." ಕತ್ತಿಯ ಮಣ್ಣು ಒರೆಸುತ್ತ ಹೇಳಿದರು: "ತಿಂದವರು ಹೇಳಿದ್ದು."

ಯಾರು ಎಂದು ಕೇಳುವ ಧೈರ್ಯ ಆಗಲಿಲ್ಲ. ಉತ್ತರ ಸಿಕ್ಕಿದ್ದು ಮುಂದಿನ ವರ್ಷ.

ಆ ಸೋಮವಾರ ಬೆಳಿಗ್ಗೆ ನಮ್ಮ ರಸ್ತೆಯ ಕೊನೆಯ ಮನೆಯ ರಿಕ್ಷಾ ಚಾಲಕ, ಅವನ ಹೆಂಡತಿ, ಅವನ ತಾಯಿ, ಮೂವರೂ ವಾಂತಿಭೇದಿ ಎಂದು ಬಂದರು. ಮಳೆಗಾಲದಲ್ಲಿ ಅದು ದಿನನಿತ್ಯದ ಕಥೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ ಡ್ರಿಪ್ ಹಾಕಿಸಿದೆ, ಓಆರ್‌ಎಸ್ ಕೊಟ್ಟೆ, ನೀರು ಕುದಿಸಿ ಕುಡಿಯಿರಿ ಎಂದೆ. ಏನು ತಿಂದಿರಿ ಎಂದು ಮಾತ್ರ ಕೇಳಲಿಲ್ಲ. ಮಂಗಳವಾರ ಸಂಜೆಗೆ ವಾಂತಿ ನಿಂತಿತ್ತು. ಬುಧವಾರ ಬೆಳಿಗ್ಗೆ ನೋಡಲು ಹೋದರೆ ಮೂವರೂ ಜಗಲಿಯಲ್ಲಿ ಕೂತು ಗಂಜಿ ಉಣ್ಣುತ್ತಿದ್ದರು. ಚಾಲಕನ ತಾಯಿ, ಆ ಮನೆಯ ಅತ್ತೆ, ತಲೆ ಬಾಚಿ ಮಲ್ಲಿಗೆ ಮುಡಿದಿದ್ದರು. "ನಿಮ್ಮ ಕೈಗುಣ ಒಳ್ಳೆದುಂಟು ಸಿಸ್ಟರ್," ಎಂದರು. ನಾನು ಹಿಗ್ಗಿ ಹೋದೆ.

ಉಪಕೇಂದ್ರಕ್ಕೆ ಮರಳಿದಾಗ ಟ್ಯಾಪಿಂಗ್ ಅಣ್ಣ ಬಾಗಿಲಲ್ಲಿದ್ದರು. ಕೈಯಲ್ಲಿ ಬಾಳೆಲೆಯ ಪೊಟ್ಟಣ. ಬಿಚ್ಚಿದರು. ಕೊಳೆಯುತ್ತಿದ್ದ ಸಿಪ್ಪೆ, ಬೂದಿ, ಅದರ ನಡುವೆ ಮೂರು ಬಿಳಿ ಬಟ್ಟಲುಗಳು.

"ರಿಕ್ಷಾದವನ ಮನೆ ಹಿಂದಿನ ಗೊಬ್ಬರದ ಗುಂಡಿಯಲ್ಲಿ ಸಿಕ್ಕಿದ್ದು. ಯಾವಾಗ ತಿಂದದ್ದಂತೆ?"

ಫೋನ್ ಮಾಡಿ ಕೇಳಿದೆ. ಭಾನುವಾರ ಮಧ್ಯಾಹ್ನದ ಊಟಕ್ಕೆ. ವಾಂತಿ ಶುರುವಾದದ್ದು ರಾತ್ರಿ ಒಂದು ಗಂಟೆಯ ಮೇಲೆ.

ಅವರು ಬೆರಳು ಮಡಚಿ ಲೆಕ್ಕ ಹಾಕಿದರು. "ಹನ್ನೆರಡು ಗಂಟೆ ಆಯ್ತು. ಕೂಡ್ಲೆ ವಾಂತಿ ಆಗಿದ್ರೆ ನಾನು ಇಷ್ಟು ಹೆದರ್ತಿರ್ಲಿಲ್ಲ. ಅವರನ್ನು ಮಂಗಳೂರಿಗೆ ಕಳಿಸಿ ಸಿಸ್ಟರ್. ಈಗ."

"ಆರಾಮ ಆಗ್ಯಾರಲ್ರೀ ಅಣ್ಣಾ. ಈಗಷ್ಟೇ ಗಂಜಿ ಉಣ್ಣೋದು ನೋಡಿ ಬಂದೆ."

"ನಗ್ತಾ ಇದ್ರಾ?"

"ಹೌದು."

ಅವರು ಮೆಟ್ಟಿಲ ಮೇಲೆ ಕುಸಿದು ಕೂತರು. ಆಮೇಲೆ ನೆಲ ನೋಡುತ್ತ ಹೇಳಿದರು. ಮದುವೆಯಾಗಿ ಎರಡನೆಯ ವರ್ಷ ಅವರೇ ಗುಡ್ಡೆಯಿಂದ ಅಣಬೆ ತಂದಿದ್ದರು. ಆ ದಿನ ತೋಟದ ಧಣಿಯ ಮನೆಯಲ್ಲಿ ಊಟವಾಗಿದ್ದರಿಂದ ತಾವು ತಿನ್ನಲಿಲ್ಲ. ಹೆಂಡತಿ ತಿಂದಳು, ರುಚಿ ಲಾಯ್ಕುಂಟು ಎಂದಳು. ಒಂದೂವರೆ ದಿನ ವಾಂತಿ. ಮೂರನೆಯ ದಿನ ಎದ್ದು ಸ್ನಾನ ಮಾಡಿದಳು, ದೋಸೆ ಹುಯ್ದಳು, ತವರಿಗೆ ಹೋಗುವ ಎಂದಳು.

"ಅಷ್ಟು ಚಂದ ಅವಳು ಯಾವತ್ತೂ ಕಾಣ್ಲಿಲ್ಲ. ನಾನು ದೇವರಿಗೆ ಕೈ ಮುಗಿದೆ. ಬೈಸಾರಿ, ದೀಪ ಹಚ್ಚುವ ಹೊತ್ತಿಗೆ ಕಣ್ಣು ಹಳದಿ. ಐದನೇ ದಿನಕ್ಕೆ ಇಲ್ಲ." ನನ್ನನ್ನು ನೋಡಿದರು. "ಆ ಒಂದು ದಿನ ಉಂಟಲ್ಲ ಸಿಸ್ಟರ್, ಅದು ಗುಣ ಆದದ್ದಲ್ಲ. ಅದು ಒಳಗೆ ಕೆಲಸ ಮಾಡ್ತಾ ಇರ್ತದೆ. ನಮಗೆ ತೋರಿಸುದಿಲ್ಲ ಅಷ್ಟೆ."

ಮಲ್ಲಿಗೆ ಮುಡಿದ ಅತ್ತೆಯ ಮುಖ ಕಣ್ಣ ಮುಂದೆ ಬಂತು. ವೈದ್ಯರಿಗೆ ಫೋನ್ ಮಾಡಿದೆ, ಅವರೂ ತಡ ಮಾಡಬೇಡಿ ಎಂದರು. ನೂರೆಂಟಕ್ಕೆ ಕರೆ ಮಾಡಿ ಇಬ್ಬರೂ ಆ ಮನೆಗೆ ಓಡಿದೆವು.

ರಿಕ್ಷಾದವನು ಸಿಟ್ಟಾದ. "ಎಂತ ಅಣ್ಣ, ನಿಮಗೆ ಮಂಡೆ ಸಮ ಉಂಟಾ? ಗುಣ ಆದವರನ್ನು ಆಂಬುಲೆನ್ಸಿಗೆ ಹತ್ತಿಸುದಾ? ನಾನು ಬಾಡಿಗೆಗೆ ಹೋಗ್ಬೇಕು." ಅತ್ತೆಯೂ ನಗುತ್ತ ಒಳಗೆ ಹೋದರು. ಟ್ಯಾಪಿಂಗ್ ಅಣ್ಣ ವಾದ ಮಾಡಲಿಲ್ಲ. ಅಂಗಳದಲ್ಲಿ ಮಳೆಯಲ್ಲೇ ಮಂಡಿಯೂರಿ, ಆ ಹುಡುಗನ ಎರಡೂ ಕಾಲು ಹಿಡಿದುಕೊಂಡರು. ಅವನ ಅಪ್ಪನ ವಯಸ್ಸಿನವರು. ಅವನು ಹೌಹಾರಿ ಹಿಂದೆ ಸರಿಯಲು ನೋಡಿದ. ಅವರು ಬಿಡಲಿಲ್ಲ. ಕೊನೆಗೆ ಅವನ ಹೆಂಡತಿಯೇ, "ಹೋಗುವ, ಒಮ್ಮೆ ತೋರಿಸಿ ಬರುವ," ಎಂದಳು. ಬಾಳೆಲೆಯ ಪೊಟ್ಟಣವನ್ನು ಅವರು ನನ್ನ ಕೈಗಿಟ್ಟರು. "ಡಾಕ್ಟರಿಗೆ ಇದನ್ನು ತೋರ್ಸಿ. ಬಾಯಲ್ಲಿ ಹೇಳಿದ್ರೆ ನಂಬುದಿಲ್ಲ."

ಉಪ್ಪಿನಂಗಡಿ ದಾಟುವಾಗ ಆಂಬುಲೆನ್ಸಿನಲ್ಲಿ ಅತ್ತೆ ಹಾಡು ಗುನುಗುತ್ತಿದ್ದರು. ನಾನು ಅವರ ಕಣ್ಣುಗಳನ್ನೇ ನೋಡುತ್ತ ಕೂತಿದ್ದೆ. ಮಂಗಳೂರು ತಲುಪುವ ಹೊತ್ತಿಗೆ ಬಿಳಿಯ ಅಂಚಿನಲ್ಲಿ ಹಳದಿ ಇಣುಕಿತ್ತು.

ಮೂವರ ಲಿವರೂ ಕೆಟ್ಟಿತ್ತು ಎಂದು ರಕ್ತಪರೀಕ್ಷೆ ಹೇಳಿತು. ಗಂಡ ಹೆಂಡತಿ ಮೂರು ವಾರ ಆಸ್ಪತ್ರೆಯಲ್ಲಿದ್ದು ಮರಳಿದರು. ಅತ್ತೆ ಮರಳಲಿಲ್ಲ. ಮಗ ಮರಳಿದ ಮೇಲೆ ಇಟ್ಟುಕೊಂಡ ಉತ್ತರಕ್ರಿಯೆಯ ಬೊಜ್ಜದ ದಿನ ಟ್ಯಾಪಿಂಗ್ ಅಣ್ಣ ಬಂದು ಅಂಗಳದಾಚೆಯೇ ನಿಂತಿದ್ದರು. ರಿಕ್ಷಾದವನು ಹೋಗಿ ಅವರ ಕೈ ಹಿಡಿದು ಒಳಗೆ ಕರೆತಂದು ಪಂಕ್ತಿಯಲ್ಲಿ ತನ್ನ ಪಕ್ಕ ಕೂರಿಸಿಕೊಂಡ.

ಟ್ಯಾಪಿಂಗ್ ಅಣ್ಣ ತೀರಿಹೋದದ್ದು ಕಳೆದ ವರ್ಷ, ಇಲಿಜ್ವರದಲ್ಲಿ. ಆ ಜ್ವರವೂ ಕಣ್ಣನ್ನು ಹಳದಿ ಮಾಡುತ್ತದೆ. ಪುತ್ತೂರಿನ ಆಸ್ಪತ್ರೆಗೆ ನೋಡಲು ಹೋದಾಗ ಅವರ ಕಣ್ಣು ಅರಸಿನ ಬಳಿದ ಹಾಗಿತ್ತು. ಊರಲ್ಲಿ ಆಗಲೇ ಸುದ್ದಿ ಹಬ್ಬಿತ್ತು: ಕೊನೆಗೂ ತಿಂದರಂತೆ. ಬೇಕೆಂದೇ ತಿಂದರು ಎನ್ನುವವರೂ ಇದ್ದರು. ಅದು ಅವರ ಕಿವಿಗೂ ಬಿದ್ದಿತ್ತು.

"ನಾನು ತಿನ್ಲಿಲ್ಲ ಸಿಸ್ಟರ್," ಎಂದರು. ದನಿ ಸಣ್ಣದಾಗಿತ್ತು. "ಮೊದಲೆಲ್ಲ ತಿನ್ನುವ ಅಂತ ಕಂಡದ್ದುಂಟು. ಒಂದು ವರ್ಷ ಅದನ್ನೇ ಹುಡುಕಿಕೊಂಡು ಗುಡ್ಡೆ ಹತ್ತಿದ್ದೂ ಉಂಟು. ಆದ್ರೆ ಆ ದಿನ ಯಾರದ್ದೋ ಬುಟ್ಟಿಯಲ್ಲಿ ಅದು ಕಂಡಿತು. ಅವರಿಗೆ ಹೇಳ್ಬೇಕಾಯ್ತು. ಮತ್ತೆ ಇನ್ನೊಬ್ಬರದ್ದು. ಹಾಗೇ ಇಷ್ಟು ವರ್ಷ ಆಯ್ತು. ನೀವು ಊರಲ್ಲಿ ಹೇಳಿ, ತಿನ್ಲಿಲ್ಲ ಅಂತ."

ಹೇಳಿದ್ದೇನೆ, ಕೇಳಿದವರಿಗೂ ಕೇಳದವರಿಗೂ. ಇಲ್ಲಿ ಬರೆಯುತ್ತಿರುವುದೂ ಅದಕ್ಕೇ.

ಈ ಜೂನ್‌ನಲ್ಲಿ ಗುಡುಗು ಮುಗಿದ ಮರುದಿನ, ಊರಿಗೆ ಹೊಸದಾಗಿ ಬಂದ ಹೆಂಗಸೊಬ್ಬಳು ಬುಟ್ಟಿ ಹಿಡಿದು ಉಪಕೇಂದ್ರಕ್ಕೆ ಬಂದಳು. ನೀವು ನೋಡಿ ಹೇಳ್ತೀರಂತೆ ಎಂದಳು. ಒಂದೊಂದಾಗಿ ತಿರುಗಿಸಿ ನೋಡಿದೆ. ಹೆಚ್ಚಿನವು ಹುತ್ತದ್ದೇ ಇರಬೇಕು. ಎರಡರ ಬುಡ ಮುರಿದಿತ್ತು.

"ಇವು ನನಗೆ ಗೊತ್ತಿಲ್ಲ. ಬೇರೆಯವಕ್ಕೂ ತಾಗಿವೆ. ಎಲ್ಲಾ ಹೂತುಬಿಡ್ರೀ."

"ಗೊತ್ತಿಲ್ಲದಿದ್ರೆ ಮತ್ತೆ ನೋಡುದೆಂತಕ್ಕೆ?" ಎಂದು ಮುಖ ಸಿಂಡರಿಸಿ ಬುಟ್ಟಿ ಎತ್ತಿಕೊಂಡು ಹೊರಟೇಬಿಟ್ಟಳು. ಹಿಂದೆಯೇ ಓಡಿದೆ, ಗೇಟಿನವರೆಗೆ ಕೂಗಿದೆ. ಅವಳು ತಿರುಗಲಿಲ್ಲ.

ಆ ದಿನದಿಂದ ಬೆಳಿಗ್ಗೆ ಸಂಜೆ ಅವಳ ಮನೆಯ ಹಿಂದೆ ಹೋಗಿ ನಿಂತೆ. ನನ್ನನ್ನು ಕಂಡು ಒಮ್ಮೆ ಬೆಚ್ಚಿದಳು, ಆಮೇಲೆ ಬೈದಳು. ತಿಂದಿಲ್ಲ ಎಂದು ಅವಳು ಹೇಳಿದ್ದನ್ನು ನಂಬಲು ನನಗೆ ಧೈರ್ಯ ಬರಲಿಲ್ಲ. ಐದನೆಯ ದಿನ ಹೋದಾಗ ಅವಳು ಹಗ್ಗದ ಮೇಲೆ ಬಟ್ಟೆ ಹರವುತ್ತಿದ್ದಳು. ಹತ್ತಿರ ಹೋಗಿ, ಕೇಳದೆಯೇ ಅವಳ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದೆ. ಕಣ್ಣು ಬೆಳ್ಳಗೆ ಇತ್ತು.