ಜ್ವರ ಇಲ್ಲದವರ ಔಷಧಿ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಯಾರೂ ಏನನ್ನೂ ಒಬ್ಬರೇ ತಿನ್ನುವಂತಿರಲಿಲ್ಲ. ಒಂದು ತುಣುಕು ಬೆಲ್ಲ ಸಿಕ್ಕರೂ ಅವ್ವ ಅದನ್ನು ಒಡೆದು ಅಕ್ಕ, ಅಣ್ಣ, ನಾನು, ತಮ್ಮ ಎಲ್ಲರ ಕೈಗೂ ಇಡುತ್ತಿದ್ದಳು. ನನ್ನ ಪಾಲು ಸಣ್ಣದಾಯಿತೆಂದು ಮುಖ ಊದಿಸಿದರೆ, "ಹಂಗಾರ ಅದನ್ನೂ ತಮ್ಮಗ ಕೊಡ್ತೀನಿ" ಅನ್ನುತ್ತಿದ್ದಳು. ಊದಿದ ಮುಖ ಕೂಡಲೇ ಸರಿಹೋಗುತ್ತಿತ್ತು.

ಒಂದು ಸಲ ಅಕ್ಕನಿಗೆ ಚಳಿಜ್ವರ ಬಂತು. ಅಪ್ಪ ಅವಳನ್ನು ಲಕ್ಷ್ಮೇಶ್ವರದ ದವಾಖಾನೆಗೆ ಕರೆದೊಯ್ದು ಒಂದು ಬಾಟಲಿ ಔಷಧಿ ತಂದ. ಬಾಟಲಿ ನಮ್ಮದೇ. ಆಗೆಲ್ಲ ಮನೆಯಿಂದಲೇ ಬಾಟಲಿ ತೊಳೆದು ಒಯ್ಯಬೇಕಿತ್ತು. ಕಂಪೌಂಡರ್ ಅದಕ್ಕೆ ಗುಲಾಬಿ ಬಣ್ಣದ ಔಷಧಿ ತುಂಬಿ, ಹೊರಗೆ ಗೆರೆ ಎಳೆದ ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದ. ಒಂದು ಹೊತ್ತಿಗೆ ಒಂದು ಗೆರೆಯಷ್ಟು ಔಷಧಿ. ನಾಲಿಗೆಗೆ ತಾಗಿದಾಗ ಸಿಹಿ, ಗಂಟಲಿಗೆ ಇಳಿದಾಗ ಕಹಿ. ಆ ಬಣ್ಣ ನೋಡಿಯೇ ನಮಗೆಲ್ಲ ಬಾಯಲ್ಲಿ ನೀರೂರುತ್ತಿತ್ತು.

ಬಾಟಲಿ ಮುಗಿಯಿತು, ಜ್ವರ ಮುಗಿಯಲಿಲ್ಲ. ಅಕ್ಕ ಎದ್ದು ಕೂರಲೂ ಆಗದಷ್ಟು ಸೊರಗಿದಳು. ಅಪ್ಪ ಬೆಳಿಗ್ಗೆಯೇ ಚಕ್ಕಡಿ ಹೂಡಿದ. ಅವ್ವ ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ನಾನೂ ಅತ್ತು ಕರೆದು ಹತ್ತಿಕೊಂಡೆ. ದಿನಾ ನನ್ನ ಜಡೆ ಎಳೆಯುತ್ತಿದ್ದ ಅಕ್ಕ ದಾರಿಯುದ್ದಕ್ಕೂ ಹಾಗೆ ಸುಮ್ಮನೆ ಮಲಗಿದ್ದು ನೋಡಿ ನನಗೆ ಭಯವಾಯಿತು.

ದವಾಖಾನೆ ಅಂದರೆ ಡಾಕ್ಟರ ಮನೆಯ ಮುಂದಿನ ಎರಡು ಕೋಣೆ. ಹಲ್ಲು ಕೀಳುವವರೂ ಅವರೇ, ಕುರು ಕೊಯ್ಯುವವರೂ ಅವರೇ, ಮಕ್ಕಳ ಕಿವಿಯಲ್ಲಿ ಸಿಕ್ಕ ಜೋಳದ ಕಾಳು ತೆಗೆಯುವವರೂ ಅವರೇ. ಮೂಲೆಯಲ್ಲಿ ಸ್ಟೋವ್ ಮೇಲೆ ಇಂಜೆಕ್ಷನ್ ಸೂಜಿ ಕುದಿಯುತ್ತಿತ್ತು. ಪಕ್ಕದ ಪೇಟೆಯಿಂದ ಒಣಮೆಣಸಿನಕಾಯಿಯ ಘಾಟು ಬಂದು, ಹೊಟ್ಟೆನೋವಿಗೆ ಬಂದವರೂ ಸೀನುತ್ತಿದ್ದರು.

ಡಾಕ್ಟರು ಅಕ್ಕನ ಕೈ ಹಿಡಿದು ನೋಡಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು, ಆಮೇಲೆ ಅವ್ವನನ್ನು ಕೇಳಿದರು:

"ಔಷಧಿ ಬರೋಬರಿ ಕುಡಿಸಿದೇನು ತಂಗೆವ್ವ?"

"ಕುಡಿಸೀನ್ರಿ. ಹೊತ್ತಿಗೊಂದು ಗೆರಿ, ಒಂದ ದಿನಾನೂ ತಪ್ಪಿಸಿಲ್ರಿ."

ಡಾಕ್ಟರು ಖಾಲಿ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಅಪ್ಪನ ಕಡೆ ತಿರುಗಿ, "ಇಷ್ಟಕ್ಕೂ ಜಗ್ಗದ ಜ್ವರ ಅಂದ್ರ ಗದಗಿನ ದೊಡ್ಡ ದವಾಖಾನಿಗೇ ಒಯ್ಯಬೇಕಪಾ" ಅಂದರು. ನಮ್ಮೂರಲ್ಲಿ ಗದಗಿಗೆ ಒಯ್ಯಿರಿ ಅಂದರೆ ಆಸೆ ಬಿಡಿ ಅಂದಂತೆಯೇ ತಿಳಿಯುತ್ತಿದ್ದರು. ಅಪ್ಪ ಗೋಡೆಗೆ ಒರಗಿದ. ಅವ್ವ ಅಕ್ಕನ ಪಾದ ಗಟ್ಟಿಯಾಗಿ ಹಿಡಿದುಕೊಂಡಳು.

ನನಗೆ ಗದಗೂ ತಿಳಿಯದು, ಆ ಮಾತಿನ ಅರ್ಥವೂ ತಿಳಿಯದು. ಕಣ್ಣೆಲ್ಲ ಕಂಪೌಂಡರನ ಗುಲಾಬಿ ಔಷಧಿಯ ಜಾಡಿಯ ಮೇಲೆ. ನಾನು ಮೆಲ್ಲಗೆ ಡಾಕ್ಟರ ಕುರ್ಚಿಯ ಹತ್ತಿರ ಹೋಗಿ ಕೇಳಿದೆ: "ಡಾಕ್ಟರ್ರ, ಈ ಸಲ ಗೆರಿ ಒಂದೀಟು ದೂರ ದೂರ ಹಾಕ್ರಿ. ಎಲ್ಲಾರೂ ಹಂಚಿಕೊಂಡ್ರ ನಮಗ ಒಂದ ಗುಟುಕೂ ಬರಂಗಿಲ್ಲ."

ಡಾಕ್ಟರು ಕುರ್ಚಿಯನ್ನು ಅವ್ವನ ಕಡೆ ತಿರುಗಿಸಿದರು.

"ತಂಗೆವ್ವ, ಜ್ವರ ಯಾರಿಗೆ ಬಂದೈತಿ?" ಡಾಕ್ಟರು ಕೇಳಿದರು.

ಅವ್ವ ತಲೆ ತಗ್ಗಿಸಿದಳು. "ಜ್ವರ ಆಕಿಗೇ ಬಂದೈತ್ರಿ. ಆದ್ರ ಬಾಯಿ ಎಲ್ಲಾರಿಗೂ ಐತಲ್ರಿ. ಒಬ್ಬಾಕಿಗೇ ಕೊಟ್ಟು ಉಳಿದವರ ಮಾರಿ ಹೆಂಗ ನೋಡ್ಲಿ?"

ಬೈಗುಳ ಬೀಳುತ್ತದೆಂದು ನಾನು ಅಪ್ಪನ ಹಿಂದೆ ಸೇರಿಕೊಂಡೆ. ಡಾಕ್ಟರು ಬೈಯಲಿಲ್ಲ. ನಮ್ಮ ಬಾಟಲಿಗೆ ಮತ್ತೆ ಔಷಧಿ ತುಂಬಿಸಿ ಪಟ್ಟಿ ಅಂಟಿಸಿದರು. ಆಮೇಲೆ ಒಳಗೆ ತಮ್ಮ ಅಡುಗೆಮನೆಗೆ ಹೋಗಿ ಇನ್ನೊಂದು ಬಾಟಲಿ ಹಿಡಿದು ಬಂದರು. ಅದಕ್ಕೆ ಪಟ್ಟಿ ಇರಲಿಲ್ಲ.

"ಪಟ್ಟಿ ಇದ್ದದ್ದು ಈ ಹುಡುಗಿಗೆ. ಮತ್ತ್ಯಾರೂ ಮುಟ್ಟಬಾರದು. ಇದು ಜ್ವರ ಇಲ್ಲದವರ ಔಷಧಿ, ಇದನ್ನ ಎಷ್ಟ ಬೇಕಾದ್ರೂ ಹಂಚು."

ಅದು ಬರೀ ಲಿಂಬು ಶರಬತ್ತು. ನಗು ಬಂದರೂ ಅವ್ವನ ಕಣ್ಣು ಒದ್ದೆಯಾಗಿದ್ದವು. ಅಂದಿನಿಂದ ಅಕ್ಕನ ಗೆರೆ ಅಕ್ಕನಿಗೇ ಹೋಯಿತು, ಗದಗಿನ ಮಾತು ಮತ್ತೆ ಬರಲಿಲ್ಲ. ಕೆಲವೇ ದಿನಗಳಲ್ಲಿ ಅವಳು ಎದ್ದು ನನ್ನ ಜಡೆ ಎಳೆದಳು. ಜಡೆ ಎಳೆಸಿಕೊಂಡು ಅಷ್ಟು ಖುಷಿಪಟ್ಟಿದ್ದು ಅದೊಂದೇ ಸಲ.

ಈಗ ನಿಮ್ಮ ದವಾಖಾನೆಯೇ ಬೇರೆ, ಮೊಮ್ಮಕ್ಕಳೇ. ಲಸಿಕೆಗೆ ಒಂದು ದಿನ, ಬಸುರಿಯರ ತಪಾಸಣೆಗೆ ಒಂದು ದಿನ, ನನ್ನಂಥವರ ಬಿಪಿ, ಶುಗರಿಗೆ ಇನ್ನೊಂದು. ಹಲ್ಲಿಗೊಬ್ಬರು, ಕಣ್ಣಿಗೊಬ್ಬರು. ನಿಮ್ಮವ್ವ ಮೊಬೈಲಿನಲ್ಲೇ ಪಾಳಿ ಹಚ್ಚುತ್ತಾಳೆ. ಪ್ರತಿ ಔಷಧಿಯ ಮೇಲೂ ಹೆಸರಿರುತ್ತದೆ, ನಮ್ಮವ್ವನ ತಪ್ಪು ಈಗ ಯಾರೂ ಮಾಡಲಾರರು. ಅದು ನನಗೆ ಸಮಾಧಾನವೇ.

ಆದರೆ ಮೊನ್ನೆ ಸಣ್ಣವಳಿಗೆ ಕೆಮ್ಮು ಬಂದಾಗ ನಿಮ್ಮವ್ವ ಮುಚ್ಚಳದಲ್ಲಿ ಅಳೆದು ಸಿರಪ್ ಕುಡಿಸುತ್ತಿದ್ದಳು. ದೊಡ್ಡವನು ಬಾಗಿಲಲ್ಲಿ ನಿಂತು ತುಟಿ ಸವರಿಕೊಳ್ಳುತ್ತಿದ್ದ. ನಾನು ಅಡುಗೆಮನೆಗೆ ಹೋಗಿ ಲಿಂಬೆಹಣ್ಣು ಹಿಂಡಿದೆ.

"ಬಾರಲೇ ಇಲ್ಲಿ," ಅಂದೆ. "ಇದು ಜ್ವರ ಇಲ್ಲದವರ ಔಷಧಿ."