ಹದಿನಾಲ್ಕು ವರ್ಷದ ಕಡಲ ಬಿಸಿ, ವರದಿಯಲ್ಲಿರದಿದ್ದ ಹೆಸರು

ಬೆಳಗಿನ ನಾಲ್ಕೂ ಮುಕ್ಕಾಲು. ಕೊಲ್ಲಿ ದೇಶದ ಸಿತ್ರಾ ದ್ವೀಪದ ಜೆಟ್ಟಿಯಾಚೆ ರಿಫೈನರಿಯ ಶಿಫ್ಟ್ ಬಸ್ಸುಗಳು ಹಾದುಹೋಗುತ್ತಿವೆ. ಸೇಸಪ್ಪ ದೋಣಿಯ ಅಂಚಿಗೆ ಬಾಗಿ, ಹಗ್ಗಕ್ಕೆ ಕಟ್ಟಿದ ಥರ್ಮಾಮೀಟರನ್ನು ನೀರಿಗಿಳಿಸುತ್ತಾರೆ. ಬಿಸಿಲು ಬೀಳುವ ಮೊದಲೇ ಕಡಲು ಮೂವತ್ತೈದು ಡಿಗ್ರಿ. ನೋಟ್‌ಬುಕ್ಕಿನಲ್ಲಿ ಕನ್ನಡದ ಅಂಕಿಯಲ್ಲೇ ಬರೆದುಕೊಳ್ಳುತ್ತಾರೆ: ೩೫.

"ಊರಲ್ಲಿ, ಹೆಜಮಾಡಿಯಲ್ಲಿ, ನನ್ನ ಅಪ್ಪ ನೀರಿಗೆ ಕೈ ಅದ್ದಿ ಮೀನು ಉಂಟಾ ಇಲ್ವಾ ಹೇಳ್ತಿದ್ರು. ನನಗೆ ಅಷ್ಟು ಗೊತ್ತಾಗುದಿಲ್ಲ. ಹಾಗಾಗಿ ಬರೆದಿಡುದು."

ಐವತ್ತೇಳರ ಸೇಸಪ್ಪ ಇಲ್ಲಿನ ವಿಶ್ವವಿದ್ಯಾಲಯವೊಂದರ ಕಡಲ ಪ್ರಯೋಗಾಲಯಕ್ಕೆ ದೋಣಿ ನಡೆಸುತ್ತಾರೆ. ಹದಿನಾಲ್ಕು ವರ್ಷ, ಒಂಬತ್ತು ನೋಟ್‌ಬುಕ್‌. ಯಾರೂ ಹೇಳಿ ಬರೆಸಿದ್ದಲ್ಲ. ಹವಾಮಾನ ಬದಲಾವಣೆಯ ಅಧ್ಯಯನಕ್ಕೆಂದು ವಿನಿಮಯ ಕಾರ್ಯಕ್ರಮದಲ್ಲಿ ಪ್ರತಿ ಬೇಸಿಗೆಗೆ ಹೊರದೇಶದ ಸ್ನಾತಕೋತ್ತರ ವಿದ್ಯಾರ್ಥಿಗಳು ಬರುತ್ತಾರೆ, ಆರು ವಾರವಿದ್ದು ಹೋಗುತ್ತಾರೆ.

ಅವರಿಗೊಂದು ನಿಯಮವಿದೆ: ಬಿಸಿಲು ನಲವತ್ತು ಡಿಗ್ರಿ ದಾಟಿದರೆ ಕಡಲಿಗೆ ಹೋಗಬಾರದು. ಒಳ್ಳೆಯ ನಿಯಮವೇ. ಅದರಲ್ಲಿ ದೋಣಿ ನಡೆಸುವವನ ಮಾತೇ ಇಲ್ಲ. ಕಳೆದ ಆಗಸ್ಟ್‌ನಲ್ಲಿ, ಬಯಲಿನ ಕೆಲಸವನ್ನು ದೇಶದ ಕಾನೂನೇ ನಿಷೇಧಿಸಿರುವ ನಡುಮಧ್ಯಾಹ್ನ, ಕಾರ್ಯಕ್ರಮದ ಸಂಯೋಜಕ ಕ್ರೇಗ್ ಸೇಸಪ್ಪನವರೊಬ್ಬರನ್ನೇ ಕಡಲಿಗೆ ಕಳಿಸಿದರು. ವಿದ್ಯಾರ್ಥಿಗಳು ಅಲ್ಲಿ ಮರೆತುಬಂದ ಉಪಕರಣ ತರಬೇಕಿತ್ತು.

"ಅದು ಕೆಲಸ ಅಲ್ಲ, ಸಣ್ಣ ಎರಾಂಡ್, ಹೋಗಿ ತರುದು ಅಷ್ಟೆ ಅಂದ್ರು. ಜೆಟ್ಟಿಗೆ ಹಗ್ಗ ಕಟ್ಟುವಾಗ ಕಣ್ಣು ಕತ್ತಲೆ ಬಂತು ಮಾರಾಯ್ರೆ. ಎಚ್ಚರ ಆಗುವಾಗ ಆಸ್ಪತ್ರೆ."

ಅದೇ ಹೊತ್ತಿಗೆ ಎಸಿ ಕೋಣೆಯಲ್ಲಿ ನಡೆಯುತ್ತಿದ್ದ ತರಗತಿಯ ವಿಷಯ: ಬಿಸಿಲು ಮತ್ತು ಕಾರ್ಮಿಕರು. ಇದನ್ನು ಮೆಲುದನಿಯಲ್ಲಿ ಬರೆಯಲು ನನಗಾಗುತ್ತಿಲ್ಲ.

ಆ ವರ್ಷ ಪ್ರಯೋಗಾಲಯದ ಉಪಕರಣಗಳು ಕೆಟ್ಟು ವಾರಗಟ್ಟಲೆ ಲೆಕ್ಕ ತಪ್ಪಿತ್ತು. ನೆಲ್ಲಿ ಎಂಬ ವಿದ್ಯಾರ್ಥಿನಿ ಸೇಸಪ್ಪನವರ ನೋಟ್‌ಬುಕ್ ಕೇಳಿದಳು. ಇವರು ಕನ್ನಡ ಅಂಕಿ ಓದಲು ಕಲಿಸಿ, ಒಂಬತ್ತನ್ನೂ ಕೊಟ್ಟರು. ಬೀಳ್ಕೊಡುಗೆ ಸಭೆಯಲ್ಲಿ ಪರದೆಯ ಮೇಲೆ ಅಲ್ಲಿಯವರೆಗಿನ ಹದಿಮೂರು ವರ್ಷದ ಕಡಲ ಬಿಸಿಯ ಗೆರೆ ಏರುತ್ತಾ ಹೋಯಿತು. ಕೆಳಗೆ ಬರೆದಿತ್ತು: ಸ್ಥಳೀಯ ಮಾಹಿತಿ.

ಕುರ್ಚಿ ಜೋಡಿಸಿ ಬಾಗಿಲ ಬಳಿ ನಿಂತಿದ್ದ ಸೇಸಪ್ಪ, ಸ್ಥಳೀಯ ಅಂದರೆ ಯಾರು, ನನ್ನ ಹೆಸರು ಬರೆಯಿರಿ ಎಂದು ಹಿಂದಿಯಲ್ಲಿ ಕೇಳಿದರು, "ಲೋಕಲ್ ಕೌನ್ ಹೈ? ಮೇರಾ ನಾಮ್ ಲಿಖೋ."

"ಆಮೇಲೆ ನೋಡೋಣ," ಎಂದರು ಕ್ರೇಗ್.

ಸೇಸಪ್ಪ ಸೀದಾ ಮುಂದೆ ಹೋಗಿ, ಮೇಜಿನ ಮೇಲಿದ್ದ ಒಂಬತ್ತೂ ನೋಟ್‌ಬುಕ್‌ಗಳನ್ನು ಚೀಲಕ್ಕೆ ತುಂಬಿಕೊಂಡರು. ನೆಲ್ಲಿಯ ಮುಖ ಕೆಂಪೇರಿತು. "ತಪ್ಪು ನನ್ನದು," ಎಂದವಳು ಎಲ್ಲರೆದುರೇ ಅವರ ಹೆಸರನ್ನು ಟೈಪ್ ಮಾಡಿದಳು.

ಈ ವರ್ಷ ಅಚ್ಚಾಗಿ ಬಂದ ವರದಿಯಲ್ಲಿ ಹೆಸರಿದೆ. ಬಿಸಿಲಿನ ನಿಯಮದಲ್ಲಿ ಮಾತ್ರ ದೋಣಿಯವನು ಇನ್ನೂ ಇಲ್ಲ. ಮಧ್ಯಾಹ್ನ ಹನ್ನೆರಡು ಹೊಡೆದರೆ ಸೇಸಪ್ಪ ತಾವೇ ದೋಣಿಯ ಕೀಲಿ ಜೇಬಿಗಿಳಿಸುತ್ತಾರೆ. "ಎರಡು ಮೆಮೊ ಬಂದಿದೆ. ಬರ್ಲಿ, ನಾನು ಹೋಗುದಿಲ್ಲ."

ಆಸೆಯೇನೆಂದು ಕೇಳಿದೆ.

"ವಿನಿಮಯ ಅಂದ್ರೆ ಎರಡೂ ಕಡೆಯಿಂದ ಅಲ್ವಾ? ನೆಲ್ಲಿಯ ಊರಿನ ಸಮುದ್ರ ನಾನೂ ಒಮ್ಮೆ ನೋಡ್ಬೇಕು. ಅಲ್ಲಿ ದೋಣಿ ಅವಳು ನಡೆಸ್ಲಿ."